‘ವಾರ್ಸಿಟಿ ಟೀಮ್’ಗೆ ಕನ್ನಡದಲ್ಲಿ ಏನನ್ನುತ್ತೀರಿ? ಜೊತೆಗೆ ‘ರೆವೆನ್ಯೂ’ ಬಗ್ಗೆ ಒಂದು ತಕರಾರು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಎರಡು ವಾರ ಆಯಿತು. ಬಿಡಿಸಿಕೊಳ್ಳಲು ನಿಮ್ಮ ಸಹಾಯ ಬೇಕು.

ನನ್ನ ಅಕ್ಕನ ಮಗಳು ಇಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷ ಓದಿಸುವ ಕಾಲೇಜು) ಓದುತ್ತಿದ್ದಾಳೆ. ಬ್ಯಾಡ್ಮಿಂಟನ್ ಆಡುತ್ತಾಳೆ. ತಿಪಟೂರಿನಲ್ಲಿರುವ ನಮ್ಮಮ್ಮನಿಗೆ ಫೋನ್ ಮಾಡಿ ‘ಅಜ್ಜಿ, ವಾರ್ಸಿಟಿ ಟೀಮ್‌ಗೆ ಸೆಲೆಕ್ಟ್ ಆದೆ’ ಅಂದಳು. ಸಂಜೆ ಹೊತ್ತಿಗೆ ಬೀದಿಗೆಲ್ಲ ಸುದ್ದಿ: ಮೊಮ್ಮಗಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ! ಅಮ್ಮನದೇನೂ ತಪ್ಪಿಲ್ಲ. ನಮ್ಮ ಕಡೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ವಾರ್ಸಿಟಿ ಅಂದರೆ ಯೂನಿವರ್ಸಿಟಿಯೇ. ಕನ್ನಡ ಪತ್ರಿಕೆಗಳು ಜಾಗ ಉಳಿಸಲು ‘ವಿವಿ’ ಅಂತ ಹಾಕುತ್ತವಲ್ಲ, ಹಾಗೆ.

ಪದದ ಹುಟ್ಟೂ ಅಲ್ಲೇ. ಯೂನಿವರ್ಸಿಟಿಯ ತಲೆ ಹಾರಿಸಿದರೆ ಉಳಿಯುವುದು ವರ್ಸಿಟಿ. ಕನ್ನಡ ಲಿಪಿಯಲ್ಲಿ ಬರೆದರೆ ವಿವರಣೆಯೇ ಬೇಡ, ಕಣ್ಣಿಗೇ ಕಾಣುತ್ತದೆ. ಇಂಗ್ಲಿಷಿನವರಿಗೆ ಮಾತ್ರ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅವರ ಕಾಗುಣಿತ ಬದಲಾಗಿಬಿಟ್ಟಿದೆ. ‘ಕ್ಲರ್ಕ್’ ಅನ್ನುವುದನ್ನು ಬ್ರಿಟಿಷರು ‘ಕ್ಲಾರ್ಕ್’ ಅನ್ನುತ್ತಾರಲ್ಲ, ಅದೇ ರಾಗ ಇಲ್ಲಿ ಬರವಣಿಗೆಗೂ ಇಳಿದಿದೆ. ಬ್ರಿಟನ್ನಿನಲ್ಲಿ ವಾರ್ಸಿಟಿ ಮ್ಯಾಚ್ ಅಂದರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ನಡುವಿನ ಪಂದ್ಯ. ಅವರ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು 1827ರಲ್ಲಿ, ಮೊದಲ ದೋಣಿ ಸ್ಪರ್ಧೆ 1829ರಲ್ಲಿ. ಅಮೆರಿಕಕ್ಕೆ ಬಂದ ಮೇಲೆ ಅರ್ಥ ಸರಿದು, ಶಾಲೆ ಕಾಲೇಜುಗಳ ಮುಖ್ಯ ತಂಡಕ್ಕೇ ವಾರ್ಸಿಟಿ ಅನ್ನುವ ಹೆಸರು ಬಂತು. ಹಾಗಾಗಿ ಯೂನಿವರ್ಸಿಟಿಯೇ ಅಲ್ಲದ ಎರಡು ವರ್ಷದ ಕಾಲೇಜಿಗೂ ವಾರ್ಸಿಟಿ ತಂಡ ಇರುತ್ತದೆ. ಹಿತ್ತಲೇ ಇಲ್ಲದ ಮನೆಗೆ ಹಿತ್ತಲ ಬಾಗಿಲು ಇದ್ದಂತೆ.

ಇಷ್ಟಕ್ಕೇ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಒಂದು ಲೇಖನ ಒಪ್ಪಿಕೊಂಡಿದ್ದೇನೆ. ಕಮ್ಯೂನಿಟಿ ಕಾಲೇಜುಗಳ ಆಟಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ವಿಷಯ. ಬರೆಯಲು ಕೂತರೆ ಒಂದೊಂದು ಪದವೂ ಕಾಲು ಹಿಡಿದು ಎಳೆಯುತ್ತಿದೆ.

‘ಸಮುದಾಯ ಕಾಲೇಜು’ ಅಂತ ಬರೆದೆ. ಓದಿದ ಗೆಳೆಯನೊಬ್ಬ ‘ಯಾವ ಸಮುದಾಯದ್ದು?’ ಅಂದ. ನಮ್ಮಲ್ಲಿ ಆ ಪದ ಎಲ್ಲಿಗೆ ಹೋಗಿ ಕೂತಿದೆ ನಿಮಗೇ ಗೊತ್ತು. ‘ಜೂನಿಯರ್ ಕಾಲೇಜು’ ಅಂದರೆ ಪಿಯುಸಿ ಆಗಿಬಿಡುತ್ತದೆ. ಆದ್ದರಿಂದ ಕಮ್ಯೂನಿಟಿ ಕಾಲೇಜು ಅಂತಲೇ ಇಟ್ಟೆ. ‘ಕ್ರೀಡಾ ಕಾರ್ಯಕ್ರಮ’ವೂ ಅಷ್ಟೇ. ಸ್ಪೋರ್ಟ್ಸ್ ಪ್ರೋಗ್ರಾಮ್‌ಗೆ ನಿಘಂಟು ಕೊಡುವುದು ಅದನ್ನೇ, ಆದರೆ ಓದಿದ ಕೂಡಲೇ ದೀಪ ಬೆಳಗಿಸುವುದು, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲ ಕಣ್ಣಮುಂದೆ ಬರುತ್ತದೆ. ಸುಮ್ನೆ ‘ಕ್ರೀಡಾ ವಿಭಾಗ’ ಅಂದರೆ ಸಾಕು.

ಈಗ ವಾರ್ಸಿಟಿಗೆ ಬರುತ್ತೇನೆ. ‘ಪ್ರತಿನಿಧಿ ತಂಡ’ ಅಂತ ಒಬ್ಬರು ಹೇಳಿದರು. ಸರಿ, ಆದರೆ ಅಸೆಂಬ್ಲಿ ವಾಸನೆ. ‘ಅಧಿಕೃತ ತಂಡ’ ಅಂದರೆ ಮಿಕ್ಕವು ಅನಧಿಕೃತ, ಅಂದರೆ ಒತ್ತುವರಿ ತೆರವಿಗೆ ಬಂದಂತೆ. ನಮ್ಮಲ್ಲಿ ‘ಯೂನಿವರ್ಸಿಟಿ ಬ್ಲೂ’ ಇದೆಯಲ್ಲ ಅಂದರು ಇನ್ನೊಬ್ಬರು. ಮೈಸೂರಿನಲ್ಲಿ ಓದಿದವರಿಗೆ ಆ ಹೆಮ್ಮೆ ಗೊತ್ತು. ಆದರೆ ಬ್ಲೂ ಅನ್ನುವುದು ಆಟಗಾರನಿಗೆ ಕೊಡುವ ಗೌರವ, ತಂಡದ ಹೆಸರಲ್ಲ.

ಅಮೆರಿಕದ ಕಾನೂನು ಏನನ್ನುತ್ತದೆ ಅಂತಲೂ ನೋಡಿದೆ. ಗಂಡು ಹೆಣ್ಣು ಇಬ್ಬರೂ ಓದುವ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜು, ಬೇರೆ ಕಾಲೇಜುಗಳ ಜೊತೆ ಆಡುವ ತಂಡಗಳನ್ನು ಇಟ್ಟುಕೊಂಡಿದ್ದರೆ, ಪ್ರತಿ ವರ್ಷ ಅವುಗಳ ಲೆಕ್ಕ ಬಹಿರಂಗ ಮಾಡಬೇಕು. 1994ರ ಕಾಯ್ದೆ ಇದು. ಆಟದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಗುತ್ತಿದೆಯಾ ಅಂತ ಜನ ನೋಡಲಿ ಅನ್ನುವುದು ಉದ್ದೇಶ. ಅದರ ನಿಯಮದಲ್ಲಿ ವಾರ್ಸಿಟಿಯ ವ್ಯಾಖ್ಯೆ ಹೆಚ್ಚುಕಡಿಮೆ ಹೀಗಿದೆ: ಕಾಲೇಜೋ ಕ್ರೀಡಾ ಸಂಸ್ಥೆಯೋ ಯಾವುದನ್ನು ವಾರ್ಸಿಟಿ ಅನ್ನುತ್ತದೋ ಅದು ವಾರ್ಸಿಟಿ, ಇಲ್ಲವೇ ಯಾವ ತಂಡ ಮುಖ್ಯವಾಗಿ ವಾರ್ಸಿಟಿ ತಂಡಗಳ ಎದುರು ಆಡುತ್ತದೋ ಅದು ವಾರ್ಸಿಟಿ. ‘ಯಜಮಾನರು ಯಾರು?’ ಅಂದರೆ ‘ಎಲ್ಲರೂ ಯಜಮಾನರೇ ಅಂತ ಕರೀತಾರಲ್ಲ, ಅವರೇ’ ಅಂದ ಹಾಗಾಯಿತು.

ಅರ್ಥ ಸಿಕ್ಕಿದ್ದು ಕಾನೂನಿನಲ್ಲಲ್ಲ, ಪಾರ್ಕಿಂಗ್ ಲಾಟಿನಲ್ಲಿ. ಹೋದ ತಿಂಗಳು ಬೇರೆ ಊರಿನಲ್ಲಿ ಮ್ಯಾಚ್ ಇತ್ತು, ಹುಡುಗಿಯನ್ನು ಬಿಡಲು ಹೋಗಿದ್ದೆ. ಕಾಲೇಜಿನ ಬಿಳಿ ವ್ಯಾನು. ಓಡಿಸುವವರೂ ಕೋಚೇ. ಬಾನೆಟ್ ಮೇಲೆ ಒಂದು ಹಾಳೆ ಇಟ್ಟುಕೊಂಡು, ಒಬ್ಬೊಬ್ಬರ ಹತ್ತಿರವೂ ಸಹಿ ಹಾಕಿಸಿಕೊಂಡು, ಊಟದ ದುಡ್ಡಿನ ಲಕೋಟೆ ಕೈಗೆ ಕೊಡುತ್ತಿದ್ದರು. ನನಗೆ ತಕ್ಷಣ ನೆನಪಾದ ಪದ ‘ಬಾಟಾ’. ಲಾರಿ ಡ್ರೈವರಿಗೆ, ಸಿನಿಮಾ ಯೂನಿಟ್ಟಿನವರಿಗೆ ಕೊಡುವ ಅದೇ ಬಾಟಾ. ಪಕ್ಕದಲ್ಲೇ ಇನ್ನೊಂದು ಗುಂಪು ಹುಡುಗರು ತಮ್ಮ ತಮ್ಮ ಕಾರಿನಲ್ಲಿ ಹೊರಟಿದ್ದರು, ಪೆಟ್ರೋಲಿಗೆ ಆಗಲೇ ಚಂದಾ ಎತ್ತುತ್ತಿದ್ದರು. ಅದು ಕ್ಲಬ್ ತಂಡವಂತೆ. ಅವರೂ ಅದೇ ಕಾಲೇಜಿನ ಮಕ್ಕಳೇ. ವ್ಯತ್ಯಾಸ ಇಷ್ಟೇ: ಇವರು ಆಡುವುದು ಕಾಲೇಜಿನ ಲೆಕ್ಕದಲ್ಲಿ, ಅವರು ಆಡುವುದು ತಮ್ಮ ಲೆಕ್ಕದಲ್ಲಿ.

ಅಲ್ಲಿಗೆ ನನ್ನ ಮಟ್ಟಿಗೆ ಪದ ಸಿಕ್ಕಿತು. ಹಣಕಾಸಿನ ಲೇಖನದಲ್ಲಿ ವಾರ್ಸಿಟಿ ಅಂದರೆ ‘ಕಾಲೇಜಿನ ಲೆಕ್ಕದ ತಂಡ’. ಚೆನ್ನಾಗಿ ಆಡುತ್ತಾರೋ ಇಲ್ಲವೋ, ಬಿಲ್ ಯಾರದು ಅನ್ನುವುದು ಮುಖ್ಯ. ಬರೀ ಆಟದ ವರದಿಯಾದರೆ ‘ಕಾಲೇಜು ತಂಡ’ ಅಂದರೆ ಆಯಿತು. ಇದು ನಿಮಗೆ ಒಪ್ಪಿಗೆಯಾ ಅನ್ನುವುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಇದಕ್ಕಿಂತ ಜಾಸ್ತಿ ಕಾಡಿದ್ದು, ‘ರೆವೆನ್ಯೂ’. ಮೇಲೆ ಹೇಳಿದ ಕಾಯ್ದೆಯ ಲೆಕ್ಕದಲ್ಲಿ ಎಷ್ಟೋ ಕಮ್ಯೂನಿಟಿ ಕಾಲೇಜುಗಳ ಆಟದ ರೆವೆನ್ಯೂ ಮತ್ತು ಖರ್ಚು ಒಂದೇ ಅಂಕಿ, ಡಾಲರಿಗೆ ಡಾಲರು ಸಮ. ನಾನು ‘ಆದಾಯ’ ಅಂತ ಅನುವಾದ ಮಾಡಿದೆ. ಓದಿದವರು ‘ಪರವಾಗಿಲ್ವೇ, ಹಾಕಿದ ದುಡ್ಡು ವಾಪಸ್ ಬರ್ತಿದೆ’ ಅಂದರು. ಎಲ್ಲಿ ಬರುತ್ತದೆ? ಬ್ಯಾಡ್ಮಿಂಟನ್ ಮ್ಯಾಚ್ ನೋಡಲು ಬಂದಿದ್ದವರು ನಾನು, ಇನ್ನೂ ನಾಲ್ಕು ಜನ ಅಪ್ಪ ಅಮ್ಮಂದಿರು, ಟಿಕೆಟ್ ಇಲ್ಲ. ಸಮ ಆಗುವುದು ಹೇಗೆಂದರೆ, ಕಾಲೇಜು ತನ್ನ ಖಜಾನೆಯಿಂದ ಹಾಕಿದ ದುಡ್ಡನ್ನೂ ರೆವೆನ್ಯೂ ಕಾಲಮ್ಮಿನಲ್ಲೇ ಬರೆಯುತ್ತಾರೆ. ವಿದ್ಯಾರ್ಥಿಗಳ ಶುಲ್ಕದಿಂದ ಬಂದದ್ದೂ ಅಲ್ಲೇ. ಅದನ್ನು ಆದಾಯ, ವರಮಾನ, ಗಳಿಕೆ ಅಂದರೆ ಸುಳ್ಳು ಹೇಳಿದಂತೆ.

ಇದಕ್ಕೆ ಅಪ್ಪನ ಕೊಬ್ಬರಿ ಲೆಕ್ಕದ ಪುಸ್ತಕ ನೆನಪಾಯಿತು. ಎಡಗಡೆ ಜಮಾ, ಬಲಗಡೆ ಖರ್ಚು. ಕೊಬ್ಬರಿ ಮಾರಿದ ದುಡ್ಡು ಜಮಾ. ಸೊಸೈಟಿಯಿಂದ ತಂದ ಸಾಲವೂ ಜಮಾ. ಹಿಂದಿನ ಶಿಲ್ಕೂ ಜಮಾ. ದುಡಿದದ್ದೋ ತಂದದ್ದೋ ಪುಸ್ತಕ ಕೇಳುವುದಿಲ್ಲ, ಒಳಗೆ ಬಂತು, ಅಷ್ಟೇ. ಈಗಲೂ ಊರಿನಲ್ಲಿ ‘ಗೃಹಲಕ್ಷ್ಮಿ ದುಡ್ಡು ಜಮಾ ಆಯ್ತಾ?’ ಅಂತ ಕೇಳುತ್ತಾರೆ. ‘ಆದಾಯ ಬಂತಾ?’ ಅಂತ ಯಾರೂ ಕೇಳುವುದಿಲ್ಲ. ಗ್ರಾಮ ಪಂಚಾಯಿತಿಯ ಜಮಾಬಂದಿಯಲ್ಲೂ ಈ ಪದ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ರೆವೆನ್ಯೂಗೆ ‘ಜಮಾ’. ಹಳೆಯದಾಯಿತು ಅನ್ನುವವರು ದಯವಿಟ್ಟು ಬೇರೆ ಪದ ಕೊಡಿ.

ಹಾಗಾದರೆ ಕಾಲೇಜು ಯಾಕೆ ಹಾಕುತ್ತದೆ ಅಂತ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದರ ಲೆಕ್ಕ ಸ್ವಾರಸ್ಯವಾಗಿದೆ. ತಂಡದಲ್ಲಿ ಆಡಬೇಕಾದರೆ 12 ಯೂನಿಟ್ಟಿಗೆ (ಯೂನಿಟ್ ಅಂದರೆ ಕೋರ್ಸಿನ ಅಳತೆ, ನಮ್ಮ ಕ್ರೆಡಿಟ್ ಇದ್ದಂತೆ) ದಾಖಲಾಗಿರಬೇಕು. ರಾಜ್ಯದವರಿಗೆ ಶುಲ್ಕ ಯೂನಿಟ್ಟಿಗೆ 46 ಡಾಲರ್, ಅಂದರೆ ಒಟ್ಟು 552. ಅದು ಚಿಲ್ಲರೆ. ಆದರೆ ವಿದ್ಯಾರ್ಥಿಗಳ ಹಾಜರಿ ನೋಡಿ ರಾಜ್ಯ ಸರ್ಕಾರ ಕಾಲೇಜಿಗೆ ಅನುದಾನ ಕೊಡುತ್ತದೆ. 525 ಗಂಟೆಗೆ ಒಬ್ಬ ಪೂರ್ಣ ವಿದ್ಯಾರ್ಥಿ ಅಂತ ಲೆಕ್ಕ. ತಂಡದ ಅಭ್ಯಾಸವೂ ಇಲ್ಲಿ ಒಂದು ಕ್ಲಾಸು, ಹಾಜರಿ ಉಂಟು. ಒಂದು ಆಟದ ಅಭ್ಯಾಸದ ಕ್ಲಾಸಿಗೆ ಒಬ್ಬರಿಗೆ ವರ್ಷಕ್ಕೆ 175 ಗಂಟೆವರೆಗೆ ಲೆಕ್ಕಕ್ಕೆ ಹಿಡಿಯಬಹುದು. ಅಂದರೆ ನಮ್ಮ ಹುಡುಗಿ ಶಟಲ್ ಹೊಡೆದು ಹೊಡೆದೇ ಮೂರರಲ್ಲಿ ಒಂದು ಪಾಲು ವಿದ್ಯಾರ್ಥಿ ಆಗುತ್ತಾಳೆ! ಈ ಅನುದಾನ ಬಂದು ಸೇರುವುದು ಕಾಲೇಜಿನ ಬೊಕ್ಕಸಕ್ಕೆ, ಆಟದ ಪುಸ್ತಕಕ್ಕಲ್ಲ. ಆಟದ ಪುಸ್ತಕ ಮಾತ್ರ ನೋಡಿ ಲಾಭ ನಷ್ಟ ಹೇಳುವವರು ಇದನ್ನು ಮರೆಯುತ್ತಾರೆ.

ಅನುದಾನವೇ ನಿಂತರೆ ಕಥೆ ಬೇರೆ. ಅರಿಜೋನಾದ ಮಾರಿಕೋಪಾ ಜಿಲ್ಲೆಯ ಕಮ್ಯೂನಿಟಿ ಕಾಲೇಜುಗಳಿಗೆ 2015ರಲ್ಲಿ ರಾಜ್ಯ ತನ್ನ ನೆರವನ್ನು ಸೊನ್ನೆ ಮಾಡಿತು. 2018ರ ಫೆಬ್ರವರಿಯಲ್ಲಿ ಅಲ್ಲಿನ ನಾಲ್ಕು ಕಾಲೇಜುಗಳ ಅಮೆರಿಕನ್ ಫುಟ್ಬಾಲ್ ನಿಲ್ಲಿಸುವುದಾಗಿ ಹೇಳಿದರು. ಆ ವರ್ಷದ ಸೀಸನ್ನೇ ಕೊನೆ. ಇದಕ್ಕೆ ‘ತಂಡ ರದ್ದು’ ಅಂತ ಬರೆದಿದ್ದೆ, ರೈಲು ರದ್ದಾದ ಹಾಗಿತ್ತು. ‘ಕೈಬಿಟ್ಟರು’ ಅಂತ ತಿದ್ದಿದ್ದೇನೆ.

ಸ್ಕಾಲರ್‌ಶಿಪ್ ಬಗ್ಗೆ ಒಂದೇ ಮಾತು. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಬೇರೆ ರಾಜ್ಯಗಳ ಎಷ್ಟೋ ಕಾಲೇಜುಗಳು ಎನ್‌ಜೆಸಿಎಎ ಅನ್ನುವ, ಎರಡು ವರ್ಷದ ಕಾಲೇಜುಗಳ ಕ್ರೀಡಾ ಸಂಸ್ಥೆಯಡಿ ಆಡುತ್ತವೆ. ಅದರ ಮೊದಲ ದರ್ಜೆಯಲ್ಲಿ ಊಟ ವಸತಿ ಸಮೇತ ಕೊಡಬಹುದು, ಎರಡನೆಯದರಲ್ಲಿ ಫೀಸು ಪುಸ್ತಕದ ಮಟ್ಟಿಗೆ, ಮೂರನೆಯದರಲ್ಲಿ ಆಟದ ಲೆಕ್ಕದಲ್ಲಿ ಏನೂ ಇಲ್ಲ. ಇಲ್ಲಿಯವರು ‘ಫುಲ್ ರೈಡ್’ ಅನ್ನುವುದಕ್ಕೆ ನಮ್ಮ ‘ಊಟ ವಸತಿ ಸಮೇತ’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಈಗಿನ ಕರಡು ಸಾಲು ಇದು: ‘ಕಾಲೇಜಿನ ಲೆಕ್ಕದ ತಂಡಗಳ ಜಮಾ ಮತ್ತು ಖರ್ಚು ಸಮ ಇದೆ, ಆದರೆ ಜಮಾದಲ್ಲಿ ದೊಡ್ಡ ಪಾಲು ಕಾಲೇಜೇ ಹಾಕಿದ್ದು.’ ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಓದಿದರೆ ಎಡವುತ್ತಾರಾ? ನಿಮ್ಮ ಕಾಲೇಜಿನ ದಿನಗಳಲ್ಲಿ ಇಂಥ ತಂಡಕ್ಕೆ ಏನನ್ನುತ್ತಿದ್ದಿರಿ, ಅದನ್ನೂ ತಿಳಿಸಿ.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ‘ಹಾಗಾದ್ರೆ ಯೂನಿವರ್ಸಿಟಿಗೆ ಯಾವಾಗ ಸೇರ್ತಾಳೆ?’ ಅಂದರು. ಎರಡು ವರ್ಷ ಇಲ್ಲಿ ಓದಿ ಟ್ರಾನ್ಸ್‌ಫರ್ ಆಗ್ತಾಳೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಟ್ರಾನ್ಸ್‌ಫರ್ ಯಾಕೆ? ಏನು ತಪ್ಪು ಮಾಡಿದ್ಲು?’