ಯುರೋಪ್ ಕ್ಲಬ್ ಫುಟ್‌ಬಾಲ್‌ದಾಗ ಎಲ್ಲಾಕಿಂತ ದೊಡ್ಡ ಕಮ್‌ಬ್ಯಾಕ್ ಯಾವ್ದ್ರಿ?

ಕ್ಯಾಂಪ್ ಹುಡುಗ, ಬೆಳಗಾವಿ:
ನಿನ್ನೆ ಟಿಳಕವಾಡಿಯೊಳಗ ಚಹಾ ಕುಡಕೋತ ಗೆಳೆಯಾರ ಜೋಡಿ ಇದ ಮಾತ ಬಂತು. ನಾ ಅಂದೆ 2005ರ ಇಸ್ತಾಂಬುಲ್ ಚಾಂಪಿಯನ್ಸ್ ಲೀಗ್ ಫೈನಲ್, ಹಾಫ್‌ಟೈಮಿಗೆ ಮಿಲಾನ್ 3-0 ಮುಂದಿತ್ತು, ಆಮ್ಯಾಲ ಲಿವರ್‌ಪೂಲ್ 54ರಿಂದ 60ನೇ ನಿಮಿಷದೊಳಗ ಮೂರೂ ತೀರಿಸಿ ಪೆನಾಲ್ಟಿಯೊಳಗ ಕಪ್ ಒಯ್ದ್ರು. ಯಾರೂ ಒಪ್ಪವಲ್ರು. ನೀವೇನಂತೀರಿ?

ಗುಮ್ಮಟ ಗೋಲಿ, ವಿಜಯಪುರ:
2017ರ ಬಾರ್ಸಾ (ಬಾರ್ಸಿಲೋನಾ)-ಪಿಎಸ್‌ಜಿ (ಪ್ಯಾರಿಸ್ ಕ್ಲಬ್) ರೀ ಅಣ್ಣಾ. ಎರಡ ಮ್ಯಾಚಿನ ಗೋಲ್ ಕೂಡಿಸಿ ನೋಡ್ತಾರಲ್ಲ, ಮೊದಲ್ನೇ ಲೆಗ್ (ಮ್ಯಾಚ್) ಬಾರ್ಸಾ 4-0 ಸೋತಿದ್ರು, ಎರಡನೇದ್ರಾಗ 87 ನಿಮಿಷ ಆದ್ರೂ ಇನ್ನ ಮೂರ ಗೋಲ್ ಬೇಕಿತ್ತು. ನೇಯ್ಮಾರ್ ಫ್ರೀಕಿಕ್, ಮತ್ತ ಪೆನಾಲ್ಟಿ, ಕಡೀಕ 95ನೇ ನಿಮಿಷಕ್ಕ ಸರ್ಜಿ ರಾಬರ್ಟೊ ಕಾಲ ಚಾಚಿ ಬಿಟ್ಟ, 6-1!

ಮುಳುಗಡಿ ಮಿಡ್‌ಫೀಲ್ಡರ್, ಬಾಗಲಕೋಟೆ:
ನಂಗ 2019ರ ಆನ್‌ಫೀಲ್ಡೇ, ಲಿವರ್‌ಪೂಲ್ ತಮ್ಮ ಮೈದಾನದಾಗ ಬಾರ್ಸಾ ಜೋಡಿ ಆಡಿದ ಎರಡನೇ ಲೆಗ್. ಮೊದಲ್ನೇ ಲೆಗ್ಗಿನಿಂದ ಲಿವರ್‌ಪೂಲ್ 3-0 ಹಿಂದ, ಸಲಾ ಇಲ್ಲ, ಫರ್ಮಿನೋ ಇಲ್ಲ. ಹಾಫ್‌ಟೈಮಿಗೆ ಒಳಗ ಬಂದ ವೈನಾಲ್ಡಮ್ ಎರಡ ಹೊಡದ. ಆ ಕಾರ್ನರ್ ನೆನಸ್ಕೊಳ್ರಿ, ಟ್ರೆಂಟ್ ಬಾಲ್ ಬಿಟ್ಟ ಹೊಂಟಾಂವ ಗಪ್ಪನ ತಿರಗಿ ಒದ್ದ, ಬಾರ್ಸಾದವ್ರು ಇನ್ನೂ ಆಕಡೆ ನೋಡಾಕತ್ತಿದ್ರು, ಒರಿಗಿ ಒಬ್ಬನ ನಿಂತಿದ್ದ, 4-0. ರಾತ್ರಿ ಎರಡಕ್ಕ ನಾ ಚೀರಿದ್ದಕ್ಕ ಅವ್ವ ಎದ್ದು ಬಂದ್ಲು!

ಕ್ಯಾಂಪ್ ಹುಡುಗ, ಬೆಳಗಾವಿ:
ಕಾರ್ನರ್ ಮಾತಿಗೆ ಎದುರಿಲ್ರಿ. ಆದ್ರ ಫೈನಲ್ ಅಂದ್ರ ಎರಡನೇ ಲೆಗ್ ಇರೂದಿಲ್ಲ, ಹಂಗಾಗಿ ನನ್ನ ಓಟು ಇಸ್ತಾಂಬುಲ್ಲಿಗೇ.