ಸೆರೆ ಸಿಕ್ಕ ಮಂಗಟ್ಟೆ: ಒಂದು ಪದದ ತಕರಾರು

ಕಳೆದ ಭಾನುವಾರ ಉಡುಪಿಯಿಂದ ನಾವು ನಾಲ್ವರು ಸೋಮೇಶ್ವರ ಅಭಯಾರಣ್ಯದ ಕಡೆಗೆ ಹೋಗಿದ್ದೆವು. ಹೆಬ್ರಿ ದಾಟಿ ಸೀತಾನದಿಯ ಹತ್ತಿರ ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮಧ್ಯಾಹ್ನದವರೆಗೆ ಕುತ್ತಿಗೆ ಮೇಲೆತ್ತಿಕೊಂಡು ನಿಂತದ್ದಕ್ಕೆ ಒಂದು ಕೆಂದಳಿಲು, ಅಡಿಕೆ ಮರಕ್ಕೆ ಅಂಟಿಕೊಂಡು ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮಡಚುತ್ತಿದ್ದ ಒಂದು ಹಾರುವ ಓತಿ, ಕೊನೆಗೆ ಒಂದು ಮಂಗಟ್ಟೆ ಹಕ್ಕಿಯ ಚಿತ್ರ ಸಿಕ್ಕಿತು. ಚಿತ್ರ ಚೆನ್ನಾಗಿಯೇ ಬಂದಿದೆ. ತೊಂದರೆಯಾದದ್ದು ಅದರ ಕೆಳಗೆ ನಾನು ಬರೆದ ಸಾಲಿನಿಂದ.

ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರ ಹಾಕಿ ‘ಇಂದು ಸೆರೆ ಸಿಕ್ಕ ಮಂಗಟ್ಟೆ’ ಎಂದು ಬರೆದೆ. ಐದು ನಿಮಿಷದೊಳಗೆ ಚಿಕ್ಕಮ್ಮನ ಫೋನ್ ಬಂತು. “ಹಿಡಿದದ್ದನ್ನು ಬಿಟ್ಟೆಯೋ ಇಲ್ಲವೋ ಮಾರಾಯ? ಫಾರೆಸ್ಟಿನವರಿಗೆ ಗೊತ್ತಾದರೆ ಕೇಸು ಹಾಕುತ್ತಾರೆ.” ಅವರು ತಮಾಷೆ ಮಾಡುತ್ತಿರಲಿಲ್ಲ.

ಚಿಕ್ಕಮ್ಮನ ಪಕ್ಷದಲ್ಲಿ ನ್ಯಾಯವಿದೆ. ನಮ್ಮ ಕಡೆ ಸೆರೆ ಎಂದರೆ ಬೋನು. ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಬಾವಿಗೆ ಬೀಳುವುದು, ಅದನ್ನು ಬಲೆ ಹಾಕಿ ಮೇಲೆತ್ತುವುದು, ಮರುದಿನ ಪತ್ರಿಕೆಯಲ್ಲಿ ‘ಚಿರತೆ ಸೆರೆ’ ಎಂದು ಓದುವುದು ನಮಗೆ ಹೊಸತಲ್ಲ. ಈಗ ಅದೇ ಅಳತೆಯ ಅಕ್ಷರದಲ್ಲಿ ‘ಸಿಸಿ ಕ್ಯಾಮೆರಾದಲ್ಲಿ ಚಿರತೆ ಸೆರೆ’ ಎಂದೂ ಅಚ್ಚಾಗುತ್ತದೆ. ಮೊದಲನೆಯದನ್ನು ಓದಿದವರು ಸಂಜೆ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರೆ, ಎರಡನೆಯದನ್ನು ಓದಿದವರು ಬಾಗಿಲು ಹಾಕಿಕೊಳ್ಳಬೇಕು. ಎರಡಕ್ಕೂ ಒಂದೇ ಪದವಾದರೆ ಹೇಗೆ?

ನನ್ನ ಬಾಲ್ಯದಲ್ಲಿ ಹಿರಿಯರು ‘ಪಟ ತೆಗೆಯುತ್ತಿದ್ದರು’. ಆಮೇಲೆ ‘ಫೋಟೊ ಹೊಡೆಯುವುದು’ ಬಂತು, ಪತ್ರಿಕೆಯವರು ‘ಕ್ಲಿಕ್ಕಿಸಿದರು’. ‘ಸೆರೆ ಹಿಡಿಯುವುದು’ ಇಂಗ್ಲಿಷಿನ ಕ್ಯಾಪ್ಚರ್ ಹೊತ್ತು ತಂದದ್ದು ಎಂದು ನನ್ನ ಗುಮಾನಿ. ಹಾಗೆಂದು ‘ಸೆರೆ’ ಬಡ ಪದವಲ್ಲ. ಸೆರೆಮನೆಯ ಸೆರೆ ಒಂದಾದರೆ, ‘ಒಂದು ಸೆರೆ ನೀರು’ ಎನ್ನುವಾಗ ಅದು ಬೊಗಸೆ. ದುಃಖಕ್ಕೆ ಉಬ್ಬಿ ಬರುವುದು ಗಂಟಲ ಸೆರೆ. ಉತ್ತರ ಕರ್ನಾಟಕದಲ್ಲಿ ಸೆರೆ ಕುಡಿದವನು ನೆಟ್ಟಗೆ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಆ ಹಕ್ಕಿಯದ್ದೇ. ನಾವು ಕಂಡದ್ದು ಗಂಡು. ಕೊಕ್ಕು ಕಿತ್ತಳೆ ಬಣ್ಣ, ತುದಿ ಹಳದಿ. ಒಂದು ಹಳೆಯ ಮರದ ಪೊಟರೆಗೆ ಮತ್ತೆ ಮತ್ತೆ ಬಂದು, ಗಂಟಲಿನಿಂದ ಹಣ್ಣು ಒಂದೊಂದಾಗಿ ಮೇಲೆ ತಂದು, ಬೆರಳು ತೂರುವಷ್ಟು ಸೀಳಿನೊಳಗೆ ಕೊಡುತ್ತಿತ್ತು. ಒಳಗಿದ್ದದ್ದು ಹೆಣ್ಣು. ಮಂಗಟ್ಟೆಯ ಹೆಣ್ಣು ಮೊಟ್ಟೆಯಿಡುವ ಮೊದಲು ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಯನ್ನು ಮೆತ್ತಿ, ಒಂದು ಸೀಳನ್ನಷ್ಟೇ ಉಳಿಸಿಕೊಂಡು ವಾರಗಟ್ಟಲೆ ಒಳಗೇ ಕೂರುತ್ತದೆ. ಹೊಟ್ಟೆಗೆ ಗಂಡು ತಂದದ್ದೇ ಗತಿ. (ಗೂಡಿನ ಬುಡಕ್ಕೆ ಹೋಗಿ ಚಿತ್ರ ತೆಗೆಯುವವರೂ ಇದ್ದಾರೆ. ಗಂಡು ಹೆದರಿ ಬಾರದಿದ್ದರೆ ಒಳಗಿನ ಸಂಸಾರ ಉಪವಾಸ. ನಾವು ರಸ್ತೆಯ ಬದಿಯಿಂದ ಕದಲಲಿಲ್ಲ.) ಅಂದರೆ ಆ ದಿನ ನಿಜವಾಗಿ ಸೆರೆಯಲ್ಲಿದ್ದ ಮಂಗಟ್ಟೆ ನನ್ನ ಚಿತ್ರದಲ್ಲಿಲ್ಲ, ಚಿತ್ರದಲ್ಲಿರುವುದು ಹೊರಗೆ ಆರಾಮವಾಗಿ ಹಾರಾಡಿಕೊಂಡಿದ್ದದ್ದು.

ಇನ್ನೊಂದು ಪದವೂ ಅಲ್ಲೇ ಕಿವಿಗೆ ಬಿತ್ತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಘಾಟಿಯ ಮೇಲಿನವರು. ಮಾತಾಡುತ್ತಿದ್ದ ನಮ್ಮನ್ನು ಗದರಿಸಿ, “ಮರಸಿಗೆ ಕೂತವರ ಹಾಗೆ ಕೂತಿರಿ” ಎಂದರು. ಮರೆಯಲ್ಲಿ ಅಡಗಿ ಮೃಗ ಬರುವುದನ್ನು ಕಾಯುವ ಶಿಕಾರಿಯೇ ಮಲೆನಾಡಿನ ಮರಸು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಗೆ ಎಡೆಯಿಲ್ಲದೆ ಅದರ ಪದಗಳೂ ಕೆಲಸ ಕಳೆದುಕೊಂಡು ಕೂತಿವೆ. ಹಕ್ಕಿಯ ಚಿತ್ರ ತೆಗೆಯುವವರು ಸೊಪ್ಪು, ಬಟ್ಟೆ ಕಟ್ಟಿ ಒಳಗೆ ಕೂರುವ ಗೂಡಿಗೆ ಎಲ್ಲರೂ ‘ಹೈಡ್’ ಎನ್ನುತ್ತಾರೆ. ಅದನ್ನೇ ಮರಸು ಎನ್ನಬಾರದೇ? ನನಗಂತೂ ಪೂರ್ತಿ ಒಪ್ಪಿಗೆ. ಆದರೆ ಒಂದು ಲೇಖನದಲ್ಲಿ ಹಾಗೆ ಬರೆದು ಕೊಟ್ಟಾಗ ಕರಡು ತಿದ್ದಿದವರು ಅದನ್ನು ‘ಮರೆಸು’ ಮಾಡಿದರು. ಹಕ್ಕಿಗಾಗಿ ಕಾದು ಕೂತವನು ಯಾರಿಗೋ ಏನನ್ನೋ ಮರೆಸಲು ಹೊರಟವನಾದ.

ಕುಂದಾಪುರ, ಬೈಂದೂರಿನ ಕಡೆ ಈ ಅರ್ಥದಲ್ಲಿ ಮರಸು ಇನ್ನೂ ಬಳಕೆಯಲ್ಲಿದೆಯೇ? ತುಳುವಿನಲ್ಲಿ ಬೇಟೆಗೆ ಬೋಂಟೆ ಎನ್ನುತ್ತೇವೆ. ಹೀಗೆ ಅಡಗಿ ಕೂರುವುದಕ್ಕೆ ಬೇರೆ ಪದವಿದ್ದರೆ ಬಲ್ಲವರು ತಿಳಿಸಬೇಕು.

‘ಸೆರೆ’ಯ ಬದಲಿಗೆ ಏನು ಎಂಬುದು ಮೊದಲ ಪ್ರಶ್ನೆ. ‘ಕಂಡಿತು’ ಸಾಲದು. ಬೆಳಿಗ್ಗೆ ರಸ್ತೆ ದಾಟಿದ ಕಾಡುಕುರಿಯೂ ಕಂಡಿತ್ತು (ಹೆಸರು ಕುರಿಯಾದರೂ ಅದು ಜಿಂಕೆಯ ಜಾತಿ), ಕ್ಯಾಮೆರಾ ಚೀಲದಲ್ಲೇ ಇತ್ತು. ‘ದರ್ಶನ ಕೊಟ್ಟಿತು’ ಎಂದರೆ ಮಂಗಳಾರತಿಯ ತಟ್ಟೆ ನೆನಪಾಗುತ್ತದೆ. ನನಗೆ ಹೊಳೆದದ್ದು ‘ದಕ್ಕಿತು’: ಮಂಗಟ್ಟೆ ದಕ್ಕಿತು, ಕಾಡುಕುರಿ ದಕ್ಕಲಿಲ್ಲ. ಸರಿಯಾಗಿಯೇ ಕೂರುತ್ತದೆ ಎಂದುಕೊಂಡು ಗುಂಪಿನಲ್ಲಿ ತಿದ್ದಿ ಹಾಕಿದೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಕ್ಕೂ ದಕ್ಕುವುದು ಎನ್ನುತ್ತಾರೆ ಎಂಬುದು ಆಮೇಲೆ ನೆನಪಾಯಿತು. ಚಿಕ್ಕಮ್ಮ ಇನ್ನೂ ಅದನ್ನು ನೋಡಿಲ್ಲ.