ಶ್ರವಣ ಪರೀಕ್ಷೆಯ ವರದಿ ಚೆನ್ನಾಗಿದೆ, ಆದರೆ ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ. ಏಕೆ?

ಪ್ರಶ್ನೆ: ಶಿಕ್ಷಕ

ಒಬ್ಬರೇ ಮಾತನಾಡಿದರೆ ನನಗೆ ಪಿಸುಮಾತೂ ಕೇಳಿಸುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಿಗಿಳಿದರೆ ಧ್ವನಿ ಕಿವಿಗೆ ಬೀಳುತ್ತದೆ, ಪದ ತಿಳಿಯುವುದಿಲ್ಲ. 'ಕಟ್ಟು' ಎಂದರೋ 'ತಟ್ಟು' ಎಂದರೋ ಎಂದು ಅವರ ಮುಖ ನೋಡುತ್ತೇನೆ. ಆಡಿಯೋಗ್ರಾಮ್ ಮಾಡಿಸಿದೆ. ಎಲ್ಲ ಆವರ್ತನಗಳಲ್ಲೂ 20 ಡೆಸಿಬಲ್ ಒಳಗೇ ಇದೆ, ಕಿವಿಗೆ ಏನೂ ಆಗಿಲ್ಲ ಎಂದರು. ಮನೆಯಲ್ಲಿ ನನಗೆ ಗಮನವೇ ಇಲ್ಲ ಎನ್ನುತ್ತಾರೆ. ಮಿದುಳು ಧ್ವನಿಯನ್ನು ಹೇಗೆ ಗ್ರಹಿಸುತ್ತದೆ ಎಂಬ ಕುರಿತು ನರವಿಜ್ಞಾನಿ ನೀನಾ ಕ್ರೌಸ್ ನಡೆಸಿದ ಸಂಶೋಧನೆಯ ಬಗ್ಗೆ ಈಚೆಗೆ ಓದಿದೆ. ನನ್ನ ತೊಂದರೆಗೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಶ್ರವಣತಜ್ಞೆ

ಇದೆ. ಗಮನವಿಲ್ಲ ಎಂಬ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮಂಥವರು ನನ್ನ ಬಳಿ ಬರುತ್ತಲೇ ಇರುತ್ತಾರೆ, ವರದಿ ಹಿಡಿದು ಸಪ್ಪೆ ಮುಖ ಮಾಡಿಕೊಂಡು ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಆಡಿಯೋಗ್ರಾಮ್ ಕೇಳುವುದು ಒಂದೇ ಪ್ರಶ್ನೆ: ನಿಶ್ಶಬ್ದ ಕೋಣೆಯಲ್ಲಿ ಎಷ್ಟು ಸಣ್ಣ 'ಬೀಪ್' ನಿಮಗೆ ಕೇಳಿಸುತ್ತದೆ? ಬದುಕಿನಲ್ಲಿ ನಿಶ್ಶಬ್ದ ಕೋಣೆಯೂ ಇಲ್ಲ, ಯಾರೂ ಬೀಪ್ ಎಂದು ಮಾತನಾಡುವುದೂ ಇಲ್ಲ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ರೌಸ್ ಹಿಡಿದದ್ದು ಬೇರೆ ದಾರಿ. ತಲೆಯ ಮೇಲೆ ಕೆಲವೇ ಎಲೆಕ್ಟ್ರೋಡ್ ಅಂಟಿಸಿ 'ದಾ' ಎಂಬ ಅಕ್ಷರವನ್ನು ಸಾವಿರಾರು ಸಲ ಕೇಳಿಸುತ್ತಾರೆ. ಒಂದೊಂದು ಸಲದ ವಿದ್ಯುತ್ ಸ್ಪಂದನ ತೀರ ಕ್ಷೀಣ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದಾಗ ಮೂಡುವ ಅಲೆ ಮೂಲ ಧ್ವನಿಯನ್ನೇ ಹೋಲುತ್ತದೆ. ಅದನ್ನು ಸ್ಪೀಕರಿಗೆ ಕೊಟ್ಟರೆ ಆ ಅಕ್ಷರ ಗುರುತು ಸಿಗುವಷ್ಟು ಕೇಳಿಸುತ್ತದೆ! ಮಿದುಳಿನಿಂದ ಹೊರಬಂದ 'ದಾ' ಅದು. ಇಷ್ಟು ವರ್ಷಗಳಾದರೂ ನನಗೆ ಇದರ ಬೆರಗು ಹೋಗಿಲ್ಲ.

ನಿಮ್ಮ 'ಕಟ್ಟು', 'ತಟ್ಟು' ಗೊಂದಲ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಸ್ವರ ಉದ್ದ, ಬಲವಾದದ್ದು. ವ್ಯಂಜನದಿಂದ ಸ್ವರಕ್ಕೆ ಹೊರಳುವ ಭಾಗ ಸುಮಾರು 50 ಮಿಲಿಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಶಕ್ತಿಯೂ ಕಡಿಮೆ. ಗದ್ದಲ ಮೊದಲು ನುಂಗುವುದು ಅದನ್ನೇ. ಹಿನ್ನೆಲೆಯಲ್ಲಿ ಗದ್ದಲವಿದ್ದಾಗ ಮಿದುಳಿನ ಸ್ಪಂದನ ತಡವಾಗುವುದನ್ನೂ ಮಸುಕಾಗುವುದನ್ನೂ ಅವರ ತಂಡ ಅಳೆದಿದೆ. ವಯಸ್ಸಾದವರಲ್ಲಿ ಈ ತಡ ಹೆಚ್ಚು. 2013ರಲ್ಲಿ ಅದೇ ತಂಡ, 55ರಿಂದ 70 ವರ್ಷದವರಿಗೆ 8 ವಾರ ಕಂಪ್ಯೂಟರ್ ಮೂಲಕ ಆಲಿಸುವ ತರಬೇತಿ ಕೊಟ್ಟಾಗ ಈ ತಡ ತಗ್ಗಿತೆಂದು ತೋರಿಸಿತು. ಇಂಥ ಮಿದುಳನ್ನು ಮೊಂಡು ಎನ್ನಲು ನಾನು ಒಪ್ಪುವುದಿಲ್ಲ.

ಉತ್ತರ: ಸಂಶೋಧನಾ ವಿದ್ಯಾರ್ಥಿ

ಎಲ್ಲವನ್ನೂ ಮಿದುಳಿನ ಮೇಲೆ ಹೊರಿಸುವ ಮುಂಚೆ ಕಿವಿಯನ್ನು ಇನ್ನೊಮ್ಮೆ ನೋಡಬೇಕು. 2009ರಲ್ಲಿ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಜೋರು ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಕೇಳುವ ಮಟ್ಟ ಮೊದಲಿನಂತಾಯಿತು, ಸದ್ದನ್ನು ಗ್ರಹಿಸುವ ರೋಮಕೋಶಗಳೂ ಉಳಿದಿದ್ದವು. ಆದರೆ ಒಳಗಿವಿಯ ಕೆಲವು ಭಾಗಗಳಲ್ಲಿ ಆ ಕೋಶಗಳಿಗೂ ಶ್ರವಣನರಕ್ಕೂ ನಡುವಿನ ಸಿನಾಪ್ಸ್ ಎಂಬ ಸಂಪರ್ಕಗಳಲ್ಲಿ ಅರ್ಧದಷ್ಟು ಹೋಗಿಬಿಟ್ಟಿದ್ದವು. ಆಡಿಯೋಗ್ರಾಮಿಗೆ ಇದು ಕಾಣಿಸುವುದಿಲ್ಲ. ಮನುಷ್ಯರಲ್ಲಿ ಜೀವಂತವಾಗಿರುವಾಗ ಸಿನಾಪ್ಸ್ ಎಣಿಸಲು ಸಾಧ್ಯವಿಲ್ಲದ ಕಾರಣ ಈ ವಾದ ಇನ್ನೂ ಮುಗಿದಿಲ್ಲ. ಅಂದ ಹಾಗೆ, 'ದಾ' ಸ್ಪಂದನ ಮಿದುಳಿನ ಬುಡದಲ್ಲಿರುವ ಮಿದುಳಕಾಂಡದ್ದು ಎಂದೇ ಬಹುಕಾಲ ಹೇಳುತ್ತಿದ್ದರು. 2016ರ ಒಂದು ಅಧ್ಯಯನ ಅದರಲ್ಲಿ ಮಿದುಳಿನ ಹೊರಪದರದಲ್ಲಿರುವ ಶ್ರವಣ ಕಾರ್ಟೆಕ್ಸಿನ ಪಾಲೂ ಇದೆ ಎಂದು ತೋರಿಸಿತು.

ಉತ್ತರ: ಶ್ರವಣತಜ್ಞೆ

ಇಲಿಗಳ ವಿಷಯ ಸರಿ, ನಾನು ಕಿವಿಯನ್ನು ಬಿಟ್ಟಿಲ್ಲ. ಎರಡನ್ನೂ ಬೇರ್ಪಡಿಸುವುದೇ ಕಷ್ಟ: ಮಿದುಳಿನಿಂದ ಒಳಗಿವಿಯ ಹೊರ ರೋಮಕೋಶಗಳವರೆಗೂ ನರತಂತುಗಳು ಇಳಿದು ಬರುತ್ತವೆ. ಆಲಿಸುವ ಕೆಲಸ ಒಮ್ಮುಖವಲ್ಲ.

ಪ್ರಶ್ನೆ ಕೇಳಿದವರು: ಶಿಕ್ಷಕ

ಇಬ್ಬರಿಗೂ ಧನ್ಯವಾದ. ಈಗ ನಾನು ಯಾವ ಪರೀಕ್ಷೆ ಕೇಳಬೇಕು?

ಉತ್ತರ: ಶ್ರವಣತಜ್ಞೆ

'ಗದ್ದಲದಲ್ಲಿ ಮಾತು ಗ್ರಹಿಸುವ ಪರೀಕ್ಷೆ' ಬೇಕು ಎಂದು ಸ್ಪಷ್ಟವಾಗಿ ಹೇಳಿ. ಹಿಂದೆ ಜನರ ಮಾತು ಏರುತ್ತಾ ಹೋಗುವಾಗ ವಾಕ್ಯಗಳನ್ನು ಕೇಳಿ ಹೇಳಬೇಕು. ಅಲ್ಲಿಯವರೆಗೆ ಸಭೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮಾತನಾಡುವವರ ತುಟಿ ಕಾಣುವಂತೆ ಕುಳಿತುಕೊಳ್ಳಿ. ತುಟಿಯ ಚಲನೆ ಕಂಡರೆ ಗದ್ದಲದಲ್ಲಿ ಮಾತು ಎಷ್ಟೋ ಸುಲಭವಾಗಿ ತಿಳಿಯುತ್ತದೆ. ಮುಖ ನೋಡುವ ಅಭ್ಯಾಸ ನಿಮಗೆ ಈಗಾಗಲೇ ಇದೆ, ಅದನ್ನು ಬಿಡಬೇಡಿ. ಮನೆಯವರಿಗೂ ಈ ಚರ್ಚೆಯನ್ನು ಓದಿಸಿ.